ದೂಮಣ್ಣ ಮಾವನ ನಾಲಿಗೆ

ದೂಮಣ್ಣ ಮಾವ ಮಣ್ಣು ತಿನ್ನುತ್ತಿದ್ದರು. ಇದು ಯಾರೋ ಹೇಳಿ ಕೇಳಿದ್ದಲ್ಲ, ಮದುವೆಯಾಗಿ ಬಂದ ಹೊಸತರಲ್ಲೇ ನಾನು ಕಣ್ಣಾರೆ ಕಂಡದ್ದು. ಬೆಳಿಗ್ಗೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದೆ. ಕೊಯ್ಲು ಮುಗಿದ ಗದ್ದೆಯ ನಡುವೆ, ತಲೆಗೊಂದು ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡು ಅವರು ಕುಕ್ಕರಗಾಲಿನಲ್ಲಿ ಕೂತಿದ್ದರು. ನೆಲದಿಂದ ಒಂದು ಚಿಟಿಕೆ ಮಣ್ಣು ತೆಗೆದರು. ಅಂಗೈಯಲ್ಲಿ ತಿಕ್ಕಿ ಪುಡಿಮಾಡಿ, ಉಫ್ ಎಂದು ಊದಿ ಕಸ ಹಾರಿಸಿದರು. ಆಮೇಲೆ ಮಕ್ಕಳು ಸಕ್ಕರೆ ನೆಕ್ಕುವ ಹಾಗೆ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

ನನಗೆ ಜೀವವೇ ಹಾರಿಹೋದಂತಾಯಿತು. ಒದ್ದೆ ಸೀರೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿ, ತೆಂಗಿನಕಾಯಿ ತುರಿಯುತ್ತಿದ್ದ ಅತ್ತೆಗೆ ವಿಷಯ ಹೇಳಿದೆ. ಮದುವೆಗೆ ಮುಂಚೆ ಈ ಮನೆಯಲ್ಲಿ ಯಾರಿಗಾದರೂ ತಲೆ ಕೆಟ್ಟಿದೆಯೇ ಎಂದು ವಿಚಾರಿಸಲಿಲ್ಲವಲ್ಲ ಎಂಬ ಯೋಚನೆಯೂ ಆ ಓಟದಲ್ಲೇ ಬಂದುಹೋಯಿತು. ಅತ್ತೆ ತುರಿಯುವುದನ್ನು ನಿಲ್ಲಿಸಲಿಲ್ಲ. "ಹೌದಾ? ಯಾವ ಗದ್ದೆದ್ದು ನೋಡಿದ?" ಎಂದು ಕೇಳಿದರು. ಆ ಮನೆಯಲ್ಲಿ ನಾನು ಬೆಚ್ಚಿಬಿದ್ದದ್ದು ಅದು ಎರಡನೆಯ ಸಲ. ಎರಡಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ.

ನಾನು ಅಡೂರಿನ ಕಡೆಯವಳು. ನಮ್ಮ ಮನೆಮಾತು ಕನ್ನಡ, ಇವರದ್ದು ತುಳು. ನನ್ನ ಗಂಡ ಸತೀಶನಿಗೆ ಉಪ್ಪಳ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಇದ್ದವರು ಅತ್ತೆ ಮತ್ತು ಅತ್ತೆಯ ಅಣ್ಣ ದೂಮಣ್ಣ ಮಾವ. ಮಾವ ಮದುವೆಯಾಗಲಿಲ್ಲ. ಪ್ರಾಯದಲ್ಲಿ ಬಸ್ಸಿನ ಕಂಡಕ್ಟರ್ ಆಗಿದ್ದರಂತೆ, ಆಮೇಲೆ ಅದನ್ನು ಬಿಟ್ಟು ಗದ್ದೆಗೆ ಇಳಿದವರು ಮತ್ತೆ ಹತ್ತಲಿಲ್ಲ. ನನ್ನನ್ನು ಮೊದಲ ದಿನದಿಂದಲೇ "ಟೀಚರ್" ಎಂದು ಕರೆದರು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು ಹೌದಾದರೂ, ಅವರ ಬಾಯಲ್ಲಿ ಆ ಶಬ್ದಕ್ಕೆ ಸಣ್ಣದೊಂದು ಗೇಲಿಯ ಒಗ್ಗರಣೆ ಇರುತ್ತಿತ್ತು.

ಮಣ್ಣಿನ ವಿಷಯ ಅವರೇ ಆಮೇಲೆ ಬಿಡಿಸಿ ಹೇಳಿದರು. ನಮ್ಮ ಮನೆಯಿಂದ ಪಡುವಣಕ್ಕೆ ಸ್ವಲ್ಪ ನಡೆದರೆ ಹೊಳೆ ಸಮುದ್ರ ಸೇರುವ ಜಾಗ. ಮಳೆಗಾಲ ಮುಗಿದು ಹೊಳೆಯ ನೀರು ಇಳಿದ ಹಾಗೆ ಸಮುದ್ರದ ನೀರು ಒಳಗೆ ಏರಿಕೊಂಡು ಬರುತ್ತದೆ. ಯಾವ ವರ್ಷ ಎಲ್ಲಿಯ ತನಕ ಬಂತು ಎಂದು ಕಣ್ಣಿಗೆ ಕಾಣುವುದಿಲ್ಲ. ಉಪ್ಪು ಬಂದ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ, ಎರಡು ಎಲೆ ಬಿಡುತ್ತದೆ, ಆಮೇಲೆ ತುದಿ ಕರಟಿ ಸಾಯುತ್ತದೆ. ಹಾಗಾಗಿ ಬೀಜ ಹಾಕುವ ಮೊದಲು ಮಾವ ಗದ್ದೆಯಿಂದ ಗದ್ದೆಗೆ ನಡೆದು ಮಣ್ಣು ನೆಕ್ಕುತ್ತಿದ್ದರು. ಕೆಳಗಿನ ಗದ್ದೆಗೆ ಒಂದೊಂದು ವರ್ಷ ಉಪ್ಪು ಬರುತ್ತಿತ್ತು. ಮನೆಯ ಹಿಂದಿನದಕ್ಕೆ ಅವರ ಜೀವಮಾನದಲ್ಲಿ ಬಂದದ್ದಿಲ್ಲ. ಆ ಗದ್ದೆಯ ಹೆಸರೆತ್ತುವಾಗ ಅವರ ದನಿಯಲ್ಲಿ ಅಳಿಯ ಸತೀಶನ ಬಗ್ಗೆ ಮಾತಾಡುವಷ್ಟೇ ಅಕ್ಕರೆ ಇತ್ತು.

ಫೆಬ್ರವರಿ ನಡುವಿಗೆ ಕುಂಭ ತಿಂಗಳು ಹತ್ತಿರ ಬಂತೆಂದರೆ ಆ ಗದ್ದೆಗೆ ಇಡೀ ಮನೆ ಇಳಿಯುತ್ತಿತ್ತು. ಏಪ್ರಿಲಿನ ವಿಷು ಹಬ್ಬದ ಬೆಳಿಗ್ಗೆ ಎದ್ದೊಡನೆ ಕಾಣುವ ಕಣಿಗೆ ಇಡುವ ಸೌತೆ, ಹೂವು, ಅಲಸಂಡೆ ಎಲ್ಲ ನಮ್ಮದೇ ಬೀಜದಿಂದ ನಮ್ಮದೇ ಮಣ್ಣಿನಲ್ಲಿ ಆಗಬೇಕು ಎನ್ನುವುದು ಮಾವನ ಹಟ. ಸತೀಶ ಅಂಗಡಿಗೆ ಹೋಗುವ ಮೊದಲು ಗುಂಡಿ ತೋಡುವುದು, ಅತ್ತೆ ಅದರಲ್ಲಿ ತರಗೆಲೆ ತುಂಬಿ ಬೆಂಕಿ ಕೊಟ್ಟು ಸುಡುಮಣ್ಣು ಮಾಡುವುದು, ನಾನು ಶಾಲೆಯಿಂದ ಬಂದು ನೀರು ಹಾಕುವುದು. ಬೀಜವನ್ನು ಮಾತ್ರ ಮಾವ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಹಳೆಯ ಬೈರಾಸು ಬಟ್ಟೆಯ ತುಂಡಿನಲ್ಲಿ ಕಟ್ಟಿ ನೆನೆಹಾಕಿ, ಮಾರನೆಯ ದಿನ ಬೈಹುಲ್ಲಿನ ನಡುವೆ ಬೆಚ್ಚಗೆ ಇಟ್ಟು, ಮೊಳಕೆಯ ಬಿಳಿ ಮೂತಿ ಕಂಡ ಮೇಲೆ ನಮ್ಮೆಲ್ಲರ ಅಂಗೈಗೆ ಎಣಿಸಿ ಹಾಕುತ್ತಿದ್ದರು. ಗದ್ದೆಯ ಅಂಚಿನ ಸುತ್ತ ಅತ್ತೆಯ ರಾಜ್ಯ. ಅಲ್ಲಿ ಗೊಂಡೆ, ಜೀನಿಯಾ, ಕರ್ಣಕುಂಡಲ. ನಮ್ಮ ಮಗಳು ಪೂರ್ವಿ ನಡೆಯಲು ಕಲಿತ ಮೇಲೆ ಅಜ್ಜಿಯ ಪಕ್ಷ ಸೇರಿದಳು. "ಹೂವನ್ನು ತಿನ್ಲಿಕ್ಕಾಗ್ತದಾ?" ಎಂದು ಮಾವ ಅವರಿಬ್ಬರನ್ನೂ ಕೆಣಕುವರು, ಸಂಜೆ ಯಾರೂ ಇಲ್ಲದಾಗ ಗೊಂಡೆಯ ಸಸಿಗೆ ತಾವೇ ನೀರು ಬಿಡುವರು.

ಮಾವನ ನಾಲಿಗೆಯ ನಿಜವಾದ ಕೆಲಸ ಇದ್ದದ್ದು ಸೌತೆಯಲ್ಲಿ. ನಮ್ಮ ಕಡೆ ಸೌತೆಕಾಯಿ ಹೆಚ್ಚುವ ಯಾರೇ ಆಗಲಿ, ತೊಟ್ಟಿನ ಕಡೆಯಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿ ಕಹಿ ಉಂಟೋ ಎಂದು ನೋಡುತ್ತಾರೆ. ಒಂದು ಕಹಿ ಕಾಯಿ ಸಾಕು, ಇಡೀ ಪಾತ್ರೆ ಸಾಂಬಾರು ಚೆಲ್ಲಬೇಕಾಗುತ್ತದೆ. ನನ್ನ ಗಂಡನ ಮನೆಯಲ್ಲಿ ಮಾತ್ರ ಆ ಅಭ್ಯಾಸ ಇರಲಿಲ್ಲ. ನಾನು ಬಂದ ಮೊದಲ ವರ್ಷ ಅಡುಗೆಮನೆಯಲ್ಲಿ ಒಂದು ಚೂರು ಬಾಯಿಗೆ ಹಾಕಲು ಹೋದಾಗ ಅತ್ತೆ ನನ್ನ ಕೈ ಹಿಡಿದರು. ಅಣ್ಣ ನೋಡಿದ್ದಾನೆ, ಮತ್ತೆ ನಾವು ನೋಡಿದರೆ ಅವನಿಗೆ ಬೇಸರ ಎಂದರು. ಮಾವನ ಬುಟ್ಟಿಯಿಂದ ಬಂದ ಕಾಯಿಯನ್ನು ಇನ್ನೊಬ್ಬರು ನೋಡುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ ಎಂಬುದು ಆ ಮನೆಯ ಲೆಕ್ಕ. ಬಯಲಿನ ಉಳಿದ ಮನೆಗಳದ್ದೂ ಅದೇ ಲೆಕ್ಕವಾಗಿತ್ತು. ವಿಷು ಕಳೆದ ಮೇಲೆ ಮಾವ ಬಲಿತ ಕಾಯಿಗಳನ್ನು ಒಂದೊಂದಾಗಿ ಕೊಯ್ದು, ರುಚಿ ನೋಡಿ, ಬೀಜ ತೆಗೆದು ಬೂದಿಯಲ್ಲಿ ಒಣಗಿಸಿ ಹಂಚುತ್ತಿದ್ದರು. ಹಿಂದೂಗಳು, ಬ್ಯಾರಿಗಳು ಎನ್ನದೆ ಎಲ್ಲರ ಅಂಗಳದಲ್ಲೂ ದೂಮಣ್ಣನ ಬೀಜವೇ ಹಬ್ಬುತ್ತಿತ್ತು.

ಆ ನಾಲಿಗೆ ಎಷ್ಟು ನಿರ್ದಯಿ ಎಂದು ನನಗೆ ಗೊತ್ತಾದದ್ದು ಎರಡನೆಯ ವರ್ಷ. ನಾನೇ ಬೀಜ ಊರಿದ ಒಂದು ಗುಂಡಿಯ ಬಳ್ಳಿ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಒಂದೊಂದು ಗಂಟಿಗೂ ಕಾಯಿ. ಶಾಲೆಯಲ್ಲಿ ಎಲ್ಲರಿಗೂ ಅದರ ಫೋಟೋ ತೋರಿಸಿದ್ದೆ. ವಿಷುವಿಗೆ ಒಂದು ವಾರ ಇರುವಾಗ ಮಾವ ಅದರ ಎಳೆಗಾಯಿ ಒಂದನ್ನು ಕಚ್ಚಿದರು. ಉಗಿದರು. ಇನ್ನೊಂದನ್ನು ಕಚ್ಚಿ ಅದನ್ನೂ ಉಗಿದರು. ಮತ್ತೆ ನನ್ನ ಮುಖ ನೋಡಿ, ಬಗ್ಗಿ, ಬುಡಕ್ಕೆ ಕೈಹಾಕಿ ಬಳ್ಳಿಯನ್ನು ಬೇರುಸಮೇತ ಕಿತ್ತು ತೆಗೆದರು. ಕಾಯಿಗಳೆಲ್ಲ ಮಣ್ಣಿನಲ್ಲಿ ಎಳೆದಾಡಿಕೊಂಡು ಬಂದವು. ನಾನು ಕೊಡಪಾನ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕೋಪಕ್ಕೆ ಕಣ್ಣಲ್ಲಿ ನೀರು ಬಂತು.

"ಬೇಲಿ ಹತ್ರ ಕಾಡುಸೌತೆ ಉಂಟು ಟೀಚರ್. ಹೋದ ವರ್ಷ ಅದರ ಹೂವಿನ ಹುಡಿ ತಾಗಿದ್ದು ಇದರ ಬೀಜಕ್ಕೆ. ನಾವು ತಿನ್ನುವುದು ಒಂದು ವರ್ಷ, ಬೀಜ ಇರುವುದು ನಮ್ಮ ಮತ್ತೆಯೂ. ಇದನ್ನು ಬಿಟ್ರೆ ಊರಿಡೀ ಕಹಿ ಆಗ್ತದೆ," ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಅಳ್ಬೇಡ ಮಾರಾಯ್ತಿ. ನಾನು ಕಿತ್ತದ್ದರ ಲೆಕ್ಕ ಇಟ್ರೆ ಕಾಸರಗೋಡು ತಾಲೂಕಿಗೆ ಊಟ ಹಾಕ್ಬಹುದಿತ್ತು," ಎಂದು ನಕ್ಕರು. ಅವತ್ತು ನಾನು ಅವರೊಡನೆ ಮಾತಾಡಲಿಲ್ಲ. ಮಾರನೆಯ ದಿನ ಅವರು ಬೇಲಿಯ ಉದ್ದಕ್ಕೂ ನಡೆದು ಕಾಡುಸೌತೆಯ ಬಳ್ಳಿ ಕೀಳುವುದನ್ನು ಕಂಡು ಸಿಟ್ಟು ಇಳಿಯಿತು.

ಹೀಗೆ ಎಷ್ಟೋ ವಿಷು ಕಳೆದವು. ಆಮೇಲೆ ಕೊರೋನಾ ಬಂತು. ನಮ್ಮ ಮನೆಯಲ್ಲಿ ಎಲ್ಲರಿಗೂ ಜ್ವರ ಬಂದು ಹೋಯಿತು. ಎಲ್ಲರ ರುಚಿಯೂ ಹೋಯಿತು, ಕೆಲವು ವಾರದಲ್ಲಿ ತಿರುಗಿ ಬಂತು. ನನಗೆ ಮೊದಲು ಗೊತ್ತಾದದ್ದು ಶುಂಠಿ, ಸತೀಶನಿಗೆ ಒಣಮೀನಿನ ಚಟ್ನಿ. ಮಾವನನ್ನು ಕೇಳಿದರೆ ಬಂತು, ಬಂತು ಎಂದರು. ನಾವು ನಂಬಿದೆವು. ಆ ನಾಲಿಗೆಯನ್ನು ನಂಬದೆ ಇನ್ನು ಯಾರದ್ದನ್ನು ನಂಬುವುದು?

ಅದರ ಮುಂದಿನ ವಿಷು ಕಳೆದು ಬೀಜ ತೆಗೆಯುವ ದಿನ ಒಂದು ವಿಶೇಷ ನಡೆಯಿತು. ಮಾವ ಕಾಯಿ ಕೊಯ್ದು, ಚೂರು ತೆಗೆದು, ತಮ್ಮ ಬಾಯಿಗೆ ಹಾಕದೆ ನನ್ನ ಮುಂದೆ ಹಿಡಿದರು. "ನೀನು ನೋಡು" ಎಂದರು. ನಾನು ದಂಗಾದೆ. ಅತ್ತೆ ಕೂಡ ಕೈಯಲ್ಲಿದ್ದ ಮೊರ ಕೆಳಗಿಟ್ಟು ನೋಡಿದರು. ನಾನು ಅಗಿದು ಸಿಹಿ ಎಂದೆ. ಆ ಕಾಯಿಯ ಬೀಜ ಬೂದಿಗೆ ಬಿತ್ತು. ಇನ್ನೊಂದು ಕಾಯಿ ಕೊಟ್ಟರು, ಅದರ ತುದಿಯಲ್ಲಿ ಎಲ್ಲೋ ಸಣ್ಣ ಕಹಿ ಸುಳಿದ ಹಾಗಾಯಿತು, ಹೇಳಿದೆ. ಮರುಮಾತಿಲ್ಲದೆ ಎಸೆದರು. ಅವತ್ತು ರಾತ್ರಿ ಸತೀಶನ ಮುಂದೆ ನಾನು ಎಷ್ಟು ಜಂಬ ಕೊಚ್ಚಿಕೊಂಡೆನೆಂದರೆ ಅವನು ಮುಸುಕೆಳೆದು ಮಲಗಿದ. ಇಷ್ಟು ವರ್ಷಕ್ಕೆ ಮಾವ ನನ್ನನ್ನು ಪಳಗಿಸುತ್ತಿದ್ದಾರೆ, ತನ್ನ ನಂತರ ಇವಳೇ ಎಂದು ಗಟ್ಟಿಮಾಡಿದ್ದಾರೆ ಎಂದೇ ನಾನು ತಿಳಿದದ್ದು.

ಅದರ ಮುಂದಿನ ವರ್ಷ ಬೀಜ ತೆಗೆಯುವ ಹೊತ್ತಿಗೆ ನಾನು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕ್ಯಾಂಪಿನಲ್ಲಿದ್ದೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಒಂದು ದಿನ ಬಂದಾಗ ಬೀಜವೆಲ್ಲ ಬೂದಿಯಲ್ಲಿ ಹರಡಿತ್ತು. "ಆಯ್ತು, ನಾನೇ ನೋಡಿದೆ," ಎಂದರು ಮಾವ. ಆ ಬೀಜವೇ ಆಮೇಲೆ ಬಯಲಿನ ಮನೆಮನೆಗೆ ಹೋಯಿತು. ಮತ್ತೊಂದು ಕುಂಭ ಬಂದಾಗ ನಾವೂ ಅದನ್ನೇ ಹಾಕಿದೆವು. ಬಳ್ಳಿ ಎಂದಿಗಿಂತ ಹುಲುಸಾಗಿ ಹಬ್ಬಿತು. ಈ ಸಲ ಎಳೆಗಾಯಿ ಕಚ್ಚಿ ನೋಡಲು ಮಾವ ನನ್ನನ್ನು ಕರೆಯಲೇ ಇಲ್ಲ. ಒಂದು ವರ್ಷ ತಪ್ಪಿಸಿಕೊಂಡದ್ದಕ್ಕೆ ನನ್ನ ಪಟ್ಟ ಹೋಯಿತು ಎಂದು ಒಳಗೊಳಗೇ ಮುನಿಸಿಕೊಂಡೆ.

ವಿಷು ಬಂತು. ಕಣಿಗೆ ಇಡುವವರೆಗೆ ಹೊಸ ಸೌತೆಯನ್ನು ಯಾರೂ ಅಡುಗೆಗೆ ಮುಟ್ಟುವ ಕ್ರಮವಿಲ್ಲ. ಬೆಳಿಗ್ಗೆ ಕಣಿ ಕಂಡೆವು. ಅತ್ತೆಯ ಗೊಂಡೆ, ಪೂರ್ವಿಯ ಕರ್ಣಕುಂಡಲ, ನಡುವೆ ಹೊಳೆಯುವ ಹಳದಿ ಸೌತೆ. ಮಾವ ಎಲ್ಲರಿಗೂ ಕೈನೀಟದ ನಾಣ್ಯ ಕೊಟ್ಟು ಗದ್ದೆಗೆ ಹೋಗಿ ಒಂದು ಬುಟ್ಟಿ ಕಾಯಿ ತಂದರು. ನಮ್ಮೆದುರೇ ಒಂದರ ಚೂರು ತೆಗೆದು ಬಾಯಿಗೆ ಹಾಕಿ, ಎಂದಿನಂತೆ ಕಣ್ಣು ಮುಚ್ಚಿ ಅಗಿದು, ತಲೆ ಆಡಿಸಿದರು. ಅತ್ತೆ ಸಾಂಬಾರು ಮಾಡಿದರು.

ಊಟಕ್ಕೆ ಕೂತೆವು. ಹಿರಿಯರು ಮೊದಲ ತುತ್ತು ಎತ್ತಬೇಕು. ಮಾವ ಅನ್ನಕ್ಕೆ ಸಾಂಬಾರು ಕಲಸಿ ಉಣ್ಣತೊಡಗಿದರು, ಒಳ್ಳೆಯ ಹಸಿವೆಯಿಂದ. ಪಲ್ಯ, ಹಪ್ಪಳ ಎಂದು ನಾವು ತಡಮಾಡುತ್ತಿರುವಾಗಲೇ ಅವರಿಗೆ ಎರಡನೆಯ ಸಲ ಬಡಿಸಿ ಆಗಿತ್ತು. ಆಮೇಲೆ ಸತೀಶ ಒಂದು ತುತ್ತು ಬಾಯಿಗೆ ಇಟ್ಟವನು ಮುಖ ಕಿವುಚಿ ಎಲೆಯ ಬದಿಗೇ ಉಗಿದ. ಪೂರ್ವಿ ಬಾಯಿ ಮುಚ್ಚಿಕೊಂಡು ಬಾವಿಕಟ್ಟೆಗೆ ಓಡಿದಳು. ನಾನು ಬೆರಳ ತುದಿಯಲ್ಲಿ ನೆಕ್ಕಿ ನೋಡಿದೆ. ಅಂಥ ಕಹಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬೇವೂ ಅಲ್ಲ, ಹಾಗಲವೂ ಅಲ್ಲ, ಗಂಟಲಿಗೆ ಇಳಿದು ಅಲ್ಲೇ ಕಚ್ಚಿಕೊಂಡು ನಿಲ್ಲುವ ಕಹಿ.

ಮಾವ ಉಣ್ಣುತ್ತಲೇ ಇದ್ದರು. ಎಲೆಯ ಮೇಲಿನ ಸೌತೆಯ ಹೋಳನ್ನು ಎತ್ತಿ ಬಾಯಿಗೆ ಹಾಕಿ ಅಗಿದರು. ಸುತ್ತ ಸದ್ದು ನಿಂತದ್ದು ತಿಳಿದು ತಲೆ ಎತ್ತಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಏನೋ ತಪ್ಪಾಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಕೊನೆಗೆ ತಂಗಿಯ ಕಡೆ ತಿರುಗಿ ಕೇಳಿದರು:

"ಎಂತ, ಉಪ್ಪು ಹೆಚ್ಚಾಯಿತಾ?"

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಎರಡು ವರ್ಷದ ಹಿಂದಿನ "ನೀನು ನೋಡು" ಎಂಬ ಮಾತಿನ ಅರ್ಥ ನನಗೆ ಆದದ್ದು ಆ ಕ್ಷಣದಲ್ಲಿ. ಅದು ಪಟ್ಟವಾಗಿರಲಿಲ್ಲ. ಕಣ್ಣು ಕಾಣದವರು ದಾರಿ ದಾಟಲು ಪಕ್ಕದವರ ಕೈ ಹಿಡಿದ ಹಾಗೆ ಅವರು ನನ್ನ ನಾಲಿಗೆ ಹಿಡಿದಿದ್ದರು. ನಾನು ಅದನ್ನು ಬಿರುದು ಎಂದುಕೊಂಡು ಮೆರೆದಿದ್ದೆ.

ಆಘಾತಪಡಲಿಕ್ಕೂ ಹೆಚ್ಚು ಹೊತ್ತು ಸಿಗಲಿಲ್ಲ. ಅಷ್ಟು ಕಹಿ ಹೊಟ್ಟೆಗೆ ವಿಷವೇ. ಊಟವಾಗಿ ಸ್ವಲ್ಪದರಲ್ಲೇ ಮಾವನಿಗೆ ವಾಂತಿ ಶುರುವಾಯಿತು, ನಿಲ್ಲಲಿಲ್ಲ, ಮೈ ತಣ್ಣಗಾಗುತ್ತ ಬಂತು. ಸತೀಶ ಕಾರಿನಲ್ಲಿ ಹಾಕಿಕೊಂಡು ಮಂಗಳೂರಿಗೆ ಓಡಿಸಿದ. ಹೆದ್ದಾರಿಯ ಉದ್ದಕ್ಕೂ ಹಿಂದಿನ ಸೀಟಿನಲ್ಲಿ ಮಾವನ ತಲೆ ನನ್ನ ತೊಡೆಯ ಮೇಲಿತ್ತು. ಇವರು ಇಲ್ಲೇ ಹೋಗಿಬಿಡುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ರಕ್ತದೊತ್ತಡ ಮೇಲೆ ಬಂದ ಮೇಲೆ ಎಳೆಯ ಡಾಕ್ಟರೊಬ್ಬರು ಸತೀಶನನ್ನು ಕರೆದು, ಇಂಥ ಕಹಿಯನ್ನು ಒಬ್ಬ ಮನುಷ್ಯ ಎರಡು ಸಲ ಹಾಕಿಸಿಕೊಂಡು ತಿನ್ನುವುದು ಹೇಗೆ ಎಂದು ಕೇಳಿದರು. ಸತೀಶ ನನ್ನ ಮುಖ ನೋಡಿದ.

ಮಾವ ಹೇಳಿದ್ದು ಮಾರನೆಯ ದಿನ, ಕಿಟಕಿಯ ಕಡೆ ಮುಖ ಮಾಡಿಕೊಂಡು. ರುಚಿ ಬಂದೇ ಇರಲಿಲ್ಲ. ವಾಸನೆಯೂ ಇಲ್ಲ. ನನಗೆ ಕರುಣೆಗಿಂತ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ನಮ್ಮೆದುರು ಕೂತು ಸಾರು ಚೆನ್ನಾಗಿದೆ, ಪಾಯಸಕ್ಕೆ ಏಲಕ್ಕಿ ಕಮ್ಮಿ ಎಂದೆಲ್ಲ ಹೇಳಿದರಲ್ಲ, ಯಾಕೆ ಎಂದು ಕೇಳಿದೆ.

"ಬರ್ತದೆ ಅಂತ ಎಣಿಸಿದ್ದು," ಎಂದರು. "ದಿನಾ ಬೆಳಿಗ್ಗೆ ಎದ್ದು ಒಂದು ಹರಳು ಉಪ್ಪು ಬಾಯಿಗೆ ಹಾಕಿ ನೋಡ್ತಿದ್ದೆ. ಇವತ್ತು ಇಲ್ಲ, ನಾಳೆ ಬರ್ತದೆ ಅಂತ. ಹೇಳಿದ್ರೆ ಮತ್ತೆ ನನಗೆ ಆ ಗದ್ದೆಯಲ್ಲಿ ಎಂತ ಕೆಲಸ ಉಂಟು?"

ಮನೆಗೆ ಬಂದ ಮೇಲೆ ಅವರು ಮಾಡಿದ ಕೆಲಸಕ್ಕೆ ನಾನು ಇನ್ನಷ್ಟು ಹೌಹಾರಿದೆ. ನಡೆದರೆ ಕಾಲು ನಡುಗುತ್ತಿತ್ತು. ಆದರೂ ಊರುಗೋಲು ಹಿಡಿದು ಹೊರಟರು. ಒಬ್ಬರೇ ಬಿಡಲು ಮನಸ್ಸಾಗದೆ ನಾನೂ ಹೋದೆ. ಬಯಲಿನ ಒಂದೊಂದು ಮನೆಯ ಅಂಗಳದಲ್ಲೂ ನಿಂತು, ಬಾಗಿಲಿಗೆ ಬಂದವರಿಗೆ, "ನನ್ನ ನಾಲಿಗೆ ಸತ್ತಿದೆ. ಹೋದ ವರ್ಷ ಕೊಟ್ಟ ಬೀಜ ಕಹಿ. ಬಳ್ಳಿ ಕಿತ್ತು ಬಿಡಿ, ಬೀಜ ಉಳಿದಿದ್ರೆ ತಿರುಗಿ ಕೊಡಿ," ಎಂದು ಹೇಳಿದರು. ಹೆಚ್ಚಿನ ಮನೆಗಳಲ್ಲಿ ಆಗಲೇ ಗೊತ್ತಾಗಿತ್ತು, ಅವರ ವಿಷುವಿನ ಸಾಂಬಾರೂ ತೋಡಿಗೆ ಹೋಗಿತ್ತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಅದೇ ನನಗೆ ನೋಡಲಾಗಲಿಲ್ಲ. ನಾಲ್ಕು ಮಂದಿಯ ಮುಂದೆ ಎಂದೂ ದನಿ ತಗ್ಗಿಸದ ಮನುಷ್ಯ, ಮಕ್ಕಳೆದುರಲ್ಲೂ ಅದೇ ಮಾತನ್ನು ಅಕ್ಷರ ಬಿಡದೆ ಹೇಳುತ್ತಿದ್ದರು. ಸಿಕ್ಕಿದ ಬೀಜವನ್ನೆಲ್ಲ ಬೈರಾಸಿನ ತುದಿಗೆ ಕಟ್ಟಿಕೊಂಡರು, ಆಮೇಲೆ ಒಲೆಗೆ ಹಾಕಲು.

ಕೊನೆಯದು ಐಸಮ್ಮನ ಮನೆ. ನಮ್ಮ ಗದ್ದೆಗೂ ಅವರ ಹಿತ್ತಲಿಗೂ ನಡುವೆ ಒಂದು ಬೇಲಿ ಮಾತ್ರ. ಮಾವನ ಪ್ರಾಯದ ಹೆಂಗಸು, ಮಕ್ಕಳೆಲ್ಲ ಗಲ್ಫಿನಲ್ಲಿ. ಮಾವ ತನ್ನ ಮಾತನ್ನು ಶುರುಮಾಡುವ ಮೊದಲೇ ಅವರು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಚಪ್ಪರದ ಬುಡದಲ್ಲಿ ಸೌತೆ ಬಿದ್ದಿದ್ದವು, ಬಲಿತು ಹಳದಿಯಾಗಿ. ಕತ್ತಿಯಿಂದ ಒಂದನ್ನು ಸೀಳಿ ಚೂರನ್ನು ನನ್ನ ಕೈಗೆ ಕೊಟ್ಟರು. ನಾನು ಹೆದರಿಕೊಂಡೇ ಬಾಯಿಗೆ ಹಾಕಿದೆ. ಕಹಿಯ ಸುಳಿವೂ ಇರಲಿಲ್ಲ. ಹಳೆಯ ರುಚಿ, ಮಾವನ ಸೌತೆಯ ರುಚಿ.

"ಇದು ಅದಕ್ಕೂ ಮುಂಚಿನ ವರ್ಷದ ಬೀಜ. ಟೀಚರ್ ನೋಡಿ ತೆಗ್ದದ್ದು," ಎಂದರು ಐಸಮ್ಮ. "ಹೋದ ವರ್ಷದ್ದು ನಾನು ಹಾಕಲೇ ಇಲ್ಲ ದೂಮಣ್ಣ. ಕೋಪ ಮಾಡ್ಬೇಡಿ. ಜ್ವರ ಬಿಟ್ಟ ಮೇಲೆ ಒಂದು ಸಲ ಚಾಯಕ್ಕೆ ಬಂದಿದ್ರಿ ಅಲ್ವಾ, ಅವತ್ತು ನಮ್ಮ ಸೊಸೆ ಸಕ್ಕರೆ ಅಂತ ಉಪ್ಪು ಹಾಕಿದ್ಳು. ನೀವು ಪೂರ್ತಿ ಕುಡಿದು, ಚಾಯ ಲಾಯ್ಕ ಆಗಿದೆ ಅಂತ ಹೇಳಿ ಹೋದ್ರಿ."

ನಾನು ತಲೆಗೆ ಹೊಡೆತ ಬಿದ್ದವಳಂತೆ ನಿಂತೆ. ಬೇಲಿಯಾಚೆಯ ಈ ಹೆಂಗಸಿಗೆ ಮೊದಲಿನಿಂದ ಗೊತ್ತಿತ್ತು. ಒಂದೇ ಒಲೆಯ ಅನ್ನ ಉಂಡ ನಮಗೆ ಗೊತ್ತಿರಲಿಲ್ಲ. ಹಾಗಾದರೆ ಒಂದು ಮಾತು ಯಾಕೆ ಹೇಳಲಿಲ್ಲ, ಮಾವ ಸಾಯುತ್ತಿದ್ದರಲ್ಲ ಎಂದು ಜೋರಾಗಿಯೇ ಕೇಳಿದೆ. ಐಸಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. "ಹೇಳ್ಲಿಕ್ಕೆ ಎಷ್ಟೋ ಸಲ ಬೇಲಿಯವರೆಗೆ ಬಂದಿದ್ದೇನೆ ಟೀಚರೇ," ಎಂದರು. "ಅವ್ರು ಕಣ್ಣು ಮುಚ್ಚಿ ನೋಡುವುದನ್ನು ಕಂಡ್ರೆ ಬಾಯಿ ಬರ್ತಿರ್ಲಿಲ್ಲ."

ಮಾವ ಬಗ್ಗಿ ಆ ಸೀಳಿದ ಸೌತೆಯನ್ನು ಎತ್ತಿಕೊಂಡರು. ಮನೆಗೆ ಬಂದು ಅತ್ತೆಯ ಕೈಗೆ ಕೊಟ್ಟು, ಇದರ ಬೀಜ ತೆಗೆದಿಡು ಎಂದರು. ಆ ವರ್ಷ ಬಯಲಿನ ಎಲ್ಲ ಮನೆಗೂ ಬೀಜ ಹೋದದ್ದು ಐಸಮ್ಮನ ಹಿತ್ತಲಿನಿಂದ.

ಮುಂದಿನ ಕುಂಭಕ್ಕೆ ಮಾವ ಬಹಳ ಇಳಿದುಹೋಗಿದ್ದರು. ಗದ್ದೆಗೆ ಬರಲು ನನ್ನ ತೋಳು ಬೇಕಾಯಿತು. ಮನೆಯ ಹಿಂದಿನ ಗದ್ದೆ, ಅವರ ಅಕ್ಕರೆಯ ಗದ್ದೆ. ಹಾಳೆಯ ಟೊಪ್ಪಿ ಇಟ್ಟುಕೊಂಡು, ಅದೇ ಹಾಗೆ ಕುಕ್ಕರಗಾಲಿನಲ್ಲಿ ಕೂತು ಒಂದು ಚಿಟಿಕೆ ಮಣ್ಣು ತೆಗೆದರು, ತಿಕ್ಕಿದರು, ಊದಿದರು. ಬಾಯಿಯವರೆಗೆ ಹೋದ ಕೈ ಅಲ್ಲೇ ನಿಂತಿತು. ಅದನ್ನು ತಿರುಗಿಸಿ ನನ್ನ ಕಡೆ ಚಾಚಿದರು. ಮದುವೆಯಾದ ಹೊಸತರಲ್ಲಿ ಯಾವ ಮಣ್ಣನ್ನು ಕಂಡು ಒಳಗೆ ಓಡಿದ್ದೆನೋ ಅದೇ ಮಣ್ಣು. ನಾನು ನಾಲಿಗೆ ಚಾಚಿದೆ.

ಉಪ್ಪಿತ್ತು. ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಇತ್ತು. ಹೋದ ವಿಷು ಕಳೆದ ಮೇಲೆ ಉಪ್ಪುನೀರು ಇಲ್ಲಿಯ ತನಕ ಯಾವಾಗ ಬಂತೋ ಯಾರಿಗೆ ಗೊತ್ತು, ನೋಡಬೇಕಾದ ನಾಲಿಗೆ ಇರಲಿಲ್ಲವಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಮಾವ, ಸರಿ ಉಂಟು ಎಂದುಬಿಟ್ಟರೆ ಇನ್ನೊಂದು ವರ್ಷ ಅವರು ನೆಮ್ಮದಿಯಾಗಿ ಇದ್ದಾರು ಎಂದು ಅನ್ನಿಸಿತು. ಆದರೆ ಈ ಮನೆಯಲ್ಲಿ ಹಾಗೆ ಹೇಳಿದ ಒಂದು ಸುಳ್ಳಿನ ಊಟವನ್ನು ನಾನು ಆಗಲೇ ಉಂಡಿದ್ದೆ.

"ಉಪ್ಪುಂಟು ಮಾವ," ಎಂದೆ.

ಅವರು ತುಂಬ ಹೊತ್ತು ಗದ್ದೆಯನ್ನು ನೋಡಿದರು. ಹಾಗಾದರೆ ಈ ಸಲ ಮನೆಯ ಅಂಗಳದಲ್ಲೇ ಹಾಕುವ ಎಂದರು. ಏಳಲು ನನ್ನ ಕೈ ಹಿಡಿದವರು ಅರ್ಧದಲ್ಲೇ ನಿಂತು, "ಉಪ್ಪು ಹೇಗಿರ್ತದೆ ಅಂತ ಈಗ ನೆನಪೂ ಇಲ್ಲ ಮಾರಾಯ್ತಿ," ಎಂದರು. ನಾನು ಹೇಳಲು ನೋಡಿದೆ. ಹೈಸ್ಕೂಲಿನಲ್ಲಿ ಪಾಠ ಮಾಡುವ ನನಗೆ ಅದಕ್ಕೊಂದು ಮಾತು ಸಿಗಲಿಲ್ಲ.

ಅಂಗಳದಲ್ಲಿ ಜಾಗ ಸಾಲದೆ ಅತ್ತೆ ತನ್ನ ಜೀನಿಯಾದ ಮಡಿ ಬಿಟ್ಟುಕೊಟ್ಟರು. ಮಾವ ಜಗಲಿಯಲ್ಲಿ ಕೂತು ಪೂರ್ವಿಯಿಂದ ಬೀಜ ಹಾಕಿಸಿದರು, ಎರಡೆರಡೇ ಸಸಿ ಉಳಿಸಿ ಬಾಕಿಯದ್ದನ್ನು ಕೀಳಿಸಿದರು. ಬಳ್ಳಿ ಹೂ ಬಿಟ್ಟದ್ದನ್ನು ಕಂಡರು, ಮಿಡಿ ಕಚ್ಚಿದ್ದನ್ನೂ ಕಂಡರು. ಕುಂಭ ಕಳೆದು ಮೀನ ತಿಂಗಳಲ್ಲಿ ಒಂದು ಮಧ್ಯಾಹ್ನ ಅದೇ ಜಗಲಿಯಲ್ಲಿ ಮಲಗಿದವರು ಏಳಲಿಲ್ಲ.

ಉತ್ತರಕ್ರಿಯೆಯ ಬೊಜ್ಜದ ದಿನ ತೀರಿಹೋದವರ ಹೆಸರಿನಲ್ಲಿ ಒಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎ‌ಲ್ಲರೂ ಹೊರಗೆ ಕಾಯುವುದು ನಮ್ಮಲ್ಲಿ ಕ್ರಮ. ಆ ಅಡುಗೆಯನ್ನು ಯಾರೂ ಮೊದಲು ಬಾಯಿಗೆ ಹಾಕಬಾರದು, ಎಂಜಲಾಗುತ್ತದೆ. ಕ್ರಮದ ವಿಷಯದಲ್ಲಿ ಅತ್ತೆಯಷ್ಟು ಕಟ್ಟುನಿಟ್ಟಿನವರು ಇಡೀ ಕುಟುಂಬದಲ್ಲಿ ಇಲ್ಲ. ಸೂತಕದ ಆ ದಿನಗಳಲ್ಲಿ ನಮ್ಮ ಒಂದು ಸಣ್ಣ ತಪ್ಪನ್ನೂ ಅವರು ಬಿಟ್ಟಿರಲಿಲ್ಲ.

ಬೆಳಿಗ್ಗೆ ಅಂಗಳದ ಮೊದಲ ಸೌತೆಯನ್ನು ಕೊಯ್ದು ತಂದುಕೊಟ್ಟೆ. ಅಡುಗೆಮನೆಯ ತುಂಬ ನೆಂಟರ ಹೆಂಗಸರು. ಅತ್ತೆ ಮಣೆಯ ಮೇಲೆ ಕೂತು ಕಾಯಿಯನ್ನು ಸೀಳಿದರು. ತೊಟ್ಟಿನ ಕಡೆಯಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದರು. ಒಲೆಯ ಹತ್ತಿರ ಇದ್ದ ದೊಡ್ಡಮ್ಮ ಒಬ್ಬರು ಇದೆಂಥದು ಮಾಡಿದ್ದು ಎಂದು ಗದರಿದರು. ಎಲ್ಲರೂ ಕೆಲಸ ಬಿಟ್ಟು ತಿರುಗಿ ನೋಡಿದರು. ಅತ್ತೆ ಅವರ ಕಡೆ ನೋಡಲಿಲ್ಲ. ಇನ್ನೊಂದು ಚೂರು ತೆಗೆದು ನನ್ನ ಕೈಯಲ್ಲಿಟ್ಟರು.

"ನೀನೂ ನೋಡು," ಎಂದರು. "ಅವನಿಗೆ ಇನ್ನೊಮ್ಮೆ ಕಹಿ ಬಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."